ವ್ಯಾಕ್ಸಿನ್ ಬೈಲಪ್ಪ
ದನಗಳಿಗೆ ಚುಚ್ಚುಮದ್ದು ಹಾಕಲು ಅರಿಶಿನಕುಂಟೆಗೆ ಬಂದರೆ ಪಶು ಆಸ್ಪತ್ರೆಯ ಬೈಲಪ್ಪನವರು ಸೂಜಿಗಿಂತ ಮೊದಲು ಬಾಯಿ ತೆಗೆಯುತ್ತಿದ್ದರು. "ವ್ಯಾಕ್ಸಿನ್ ಅನ್ನೋ ಮಾತು ಹುಟ್ಟಿದ್ದೇ ಹಸುವಿಂದ ಕಣ್ರೀ! ಲ್ಯಾಟಿನ್‌ನಲ್ಲಿ ವಕ್ಕಾ ಅಂದ್ರೆ ಹಸು" ಎಂದು ಮನೆಯವರಿಗೆಲ್ಲ ಹೇಳಿದ್ದು ಸಾಲದೆ ಎಮ್ಮೆಯ ಕಿವಿಯಲ್ಲೂ ಹೇಳಿ, ಅದು ತಲೆಯಾಡಿಸುವವರೆಗೂ ಕಾಯುತ್ತಿದ್ದರು. ಚರ್ಮಗಂಟು ರೋಗ ಹಬ್ಬಿದ ವರ್ಷ ಲಸಿಕೆಗಾಗಿ ಇಪ್ಪತ್ತು ದಿನ ಅಲೆದಾಡಿದರು. ಕೊನೆಗೆ ಐಸ್ ಡಬ್ಬ ಹೊತ್ತು ಓಡೋಡಿ ಬಂದಾಗ ಮಾರಕ್ಕನ ಸೀಮೆಹಸು ಬೆಳಿಗ್ಗೆಯೇ ಸತ್ತುಹೋಗಿತ್ತು. "ಹಸುವಿನ ಹೆಸರಿಟ್ಕೊಂಡಿರೋ ಮದ್ದು ಹಸುಗೇ ಯಾಕಪ್ಪಾ ಇಷ್ಟು ತಡವಾಗಿ ಬಂತು?" ಎಂದು ಮಾರಕ್ಕ ಮೆಲ್ಲಗೆ ಕೇಳಿದಳು. ಬೈಲಪ್ಪನವರು ಡಬ್ಬವನ್ನು ಕೆಳಗಿಟ್ಟು, ಸತ್ತ ತಾಯಿಯ ಕೆಚ್ಚಲಿಗೆ ಮೂತಿ ಹಾಕುತ್ತಿದ್ದ ಕರುವನ್ನು ಈಚೆಗೆಳೆದು ತಬ್ಬಿ ಹಿಡಿದುಕೊಂಡು, ಅಲ್ಲೇ ಗಂಜಲದ ನೆಲದಲ್ಲಿ ಕೂತುಬಿಟ್ಟರು.