ಇಲ್ಲದ ಅಳಿಯ

ಲಕ್ಷ್ಮಿದೇವಮ್ಮನಿಗೆ ಬಾಯಿ ಜಾಸ್ತಿ ಎಂದು ಶಿಡ್ಲಘಟ್ಟದ ಅವಳ ಬೀದಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಲ್ಲಿಯ ಹತ್ತಿರ ಸರದಿ ಮುರಿದವರು, ತಕ್ಕಡಿಯಲ್ಲಿ ಆಟ ಆಡಿದವರು, ಅವಳ ಗಂಡನ ವಯಸ್ಸಿನ ಮಾತೆತ್ತಿದವರು, ಎಲ್ಲರಿಗೂ ಅವಳು ನೀರಿಳಿಸಿದ್ದಾಳೆ. ಅಂಥ ಗಟ್ಟಿಗಿತ್ತಿ ಒಂದು ಬೆಳಿಗ್ಗೆ ಆಸ್ಪತ್ರೆಯ ಮೇಜಿನ ಮುಂದೆ ನಿಂತು ಗಂಡನನ್ನು ಅಪ್ಪ ಎಂದುಬಿಟ್ಟಳು. ಬಾಯಿ ಜಾರಿತು ಎಂದಿದ್ದರೆ ಯಾರಾದರೂ ನಂಬುತ್ತಿದ್ದರು. ಜಾರಿದ್ದಲ್ಲ, ಗೊತ್ತಿದ್ದೇ ಅಂದಳು. ಅದು ಅವಳನ್ನು ಇವತ್ತಿಗೂ ಒಳಗೊಳಗೇ ತಿನ್ನುತ್ತಿದೆ.

ಗಂಡ ಮುನಿನಾರಾಯಣಪ್ಪನಿಗೆ ಅರವತ್ತಾರು, ಅವಳಿಗೆ ನಲವತ್ತೆರಡು. ಅವನದು ಚಂದ್ರಿಕೆಯ ಕಸುಬು. ಹಣ್ಣಾದ ರೇಷ್ಮೆ ಹುಳುವನ್ನು ಗೂಡು ಕಟ್ಟಲು ಬಿಡುತ್ತಾರಲ್ಲ, ಬಾಗಿಲಷ್ಟು ದೊಡ್ಡ ಬಿದಿರಿನ ತಟ್ಟಿ, ಅದು ಚಂದ್ರಿಕೆ. ಅವನ್ನು ಹೆಣೆದು, ಮುರಿದದ್ದನ್ನು ರಿಪೇರಿ ಮಾಡಿ, ಸುತ್ತಮುತ್ತಲ ರೈತರಿಗೆ ಬಾಡಿಗೆಗೆ ಕೊಡುತ್ತಾನೆ. ಅವಳು ಇಪ್ಪತ್ತರ ಹುಡುಗಿಯಾಗಿದ್ದಾಗ ಅಪ್ಪನ ಹುಳುಮನೆಗೆ ಚಂದ್ರಿಕೆ ಕೇಳಿಕೊಂಡು ಅವನ ಕೊಟ್ಟಿಗೆಗೆ ಹೋಗಿದ್ದಳು. ಅವನು ಹೆಂಡತಿ ಸತ್ತು, ಮಕ್ಕಳಿಲ್ಲದೆ, ಬಿದಿರಿನ ಜೊತೆ ಮಾತಾಡಿಕೊಂಡು ಕೂತಿದ್ದವನು. ಗೂಡು ಬಿಡಿಸಿದ ಮೇಲೆ ಚಂದ್ರಿಕೆಗಳನ್ನೆಲ್ಲ ಗಾಡಿಗೆ ಹೇರಿ ಒಂದೇ ಸಲ ವಾಪಸ್ ಕೊಡುವುದು ಎಲ್ಲರ ಪದ್ಧತಿ. ಇವಳು ಮಾತ್ರ ದಿನಕ್ಕೊಂದರಂತೆ ತಲೆಯ ಮೇಲೆ ಹೊತ್ತು ತಂದು ಕೊಟ್ಟಳು. ಊರಿಗೆಲ್ಲ ಅರ್ಥವಾದದ್ದು ಅವನಿಗೆ ಅರ್ಥವಾಗಲು ಇನ್ನೂ ಒಂದು ಬೆಳೆ ಬೇಕಾಯಿತು.

ಮದುವೆಯ ಮಾತು ಕೇಳಿ ಅವಳ ಅಪ್ಪ ವೆಂಕಟರವಣಪ್ಪ ಸಿಟ್ಟಿನಿಂದ ಕುಣಿದಾಡಿಬಿಟ್ಟ.

"ಎರಡನೇ ಸಂಬಂಧ, ಅದರ ಮೇಲೆ ಈ ವಯಸ್ಸು! ನಿಂಗೆ ನಲವತ್ತಾಗೋ ಹೊತ್ತಿಗೆ ಆವಯ್ಯ ಮುದುಕ ಆಗಿರ್ತಾನೆ ಕಣೇ. ಸಂಸಾರ ಮಾಡ್ತೀಯೋ, ಸೇವೆ ಮಾಡ್ತೀಯೋ?"

"ಹಲ್ಲು ಎಣಿಸಿ ತರಕ್ಕೆ ನಾನೇನು ಸಂತೆಯಿಂದ ಎತ್ತು ತರ್ತಿದೀನೇನಪ್ಪ?" ಎಂದಳು ಅವಳು. ಮುನಿನಾರಾಯಣಪ್ಪನೇ ಹೆದರಿ, ಬೇಡಮ್ಮ, ನಿಮ್ಮಪ್ಪ ಹೇಳೋದು ಸರಿಯಾಗೈತೆ ಎಂದಾಗ ಅವನಿಗೂ ಬೈದಳು. ಕೊನೆಗೆ ಮದುವೆ ಆಯಿತು. ಸಂಸಾರವೂ ಚೆನ್ನಾಗಿಯೇ ನಡೆಯಿತು. ಮಕ್ಕಳಾಗಲಿಲ್ಲ, ಅದೊಂದು ಕೊರತೆ. ಮಿಕ್ಕಂತೆ ಅವಳ ಕೂಗಾಟಕ್ಕೆ ಅವನ ಸಮಾಧಾನ, ಅವನ ಮೌನಕ್ಕೆ ಅವಳ ಮಾತು, ಸರಿಹೋಗಿತ್ತು.

ಹೊಸದರಲ್ಲಿ ಯಾರು ಏನಂದರೂ ಅವಳು ಬಿಡುತ್ತಿರಲಿಲ್ಲ. ಚಿಂತಾಮಣಿಯ ಬಳೆ ಅಂಗಡಿಯವನೊಬ್ಬ, ನಿಮ್ಮ ತಂದೆಯವರನ್ನ ಒಳಗೆ ಕೂರಿಸಮ್ಮ ಎಂದಿದ್ದಕ್ಕೆ, ತಂದೆ ಅಲ್ಲ, ತಾಳಿ ಕಟ್ಟಿದೋರು, ನೀನು ಬಳೆ ತೊಡಿಸು ಸಾಕು ಎಂದಿದ್ದಳು. ಆದರೆ ಎಷ್ಟು ವರ್ಷ ಅಂತ ಒಬ್ಬಳೇ ಊರಿಗೆಲ್ಲ ಉತ್ತರ ಕೊಟ್ಟಾಳು? ಅವನ ಕೂದಲು ಪೂರಾ ಬೆಳ್ಳಗಾದವು, ಬೆನ್ನು ಬಾಗಿತು. ಇವಳೋ ಚುರುಕಾಗಿ ನಡೆಯುವ, ಎಣ್ಣೆ ಹಾಕಿ ಬಾಚಿದ ಕಪ್ಪು ತಲೆಯ ಹೆಂಗಸು. ಮದುವೆ ಮನೆಗಳಲ್ಲಿ ಅವನು ಗಂಡಸರ ಕಡೆ ಕೂತದ್ದನ್ನು ನೋಡಿಯೂ ನೋಡದವಳಂತೆ ಇರುವುದು, ಬಸ್ಸಿನಲ್ಲಿ ಹೆಂಗಸರ ಸೀಟಿಗೆ ಹೋಗಿ ಕೂರುವುದು, ದಾರಿಯಲ್ಲಿ ನಾಲ್ಕು ಹೆಜ್ಜೆ ಮುಂದೆ ನಡೆಯುವುದು, ಇವೆಲ್ಲ ಯಾವಾಗ ಶುರುವಾದವು ಎಂದು ಅವಳಿಗೇ ಗೊತ್ತಿಲ್ಲ. ಕೇಳಿದ್ದರೆ, ಆತುರಕ್ಕೆ ಮುಂದೆ ಹೋದೆ ಅನ್ನುತ್ತಿದ್ದಳು. ಅವನು ಕೇಳಲಿಲ್ಲ.

ಹೀಗಿರುವಾಗ ಅವನ ಎರಡೂ ಕಣ್ಣಿಗೆ ಪೊರೆ ಬಂತು. ಚಿಕ್ಕಬಳ್ಳಾಪುರದ ಕಣ್ಣಿನ ಆಸ್ಪತ್ರೆಗೆ ಅವಳೇ ಕೈ ಹಿಡಿದು ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಕಾಲೇಜು ಹುಡುಗಿಯರಿಬ್ಬರು ಅವಳ ತಾಳಿಯನ್ನೂ ಅವನ ಮುಖವನ್ನೂ ನೋಡಿ ಏನೋ ಪಿಸುಗುಟ್ಟಿ ನಕ್ಕಿದ್ದರು. ಆ ನಗುವನ್ನು ಹೊತ್ತುಕೊಂಡೇ ಅವಳು ಆಸ್ಪತ್ರೆಯ ಸಾಲಿನಲ್ಲಿ ನಿಂತದ್ದು. ಮೇಜಿನ ಹಿಂದಿದ್ದ ಹುಡುಗಿ ತಲೆಯೆತ್ತದೆ ಕೇಳಿದಳು.

"ಪೇಷಂಟ್ ಜೊತೆ ನೀವೇ ಇರ್ತೀರಾ ಮೇಡಂ? ತಂದೆ ತಾನೇ?"

ಹಿಂದೆ ಹತ್ತಾರು ಜನ. ಅವಳ ಕೈಯೊಳಗೆ ಅವನ ಕೈ.

"ಹೂಂ. ನಮ್ಮಪ್ಪ."

ಅವನ ಕೈ ಒಂದಿಷ್ಟೂ ಅಲುಗಲಿಲ್ಲ. ಕಣ್ಣು ಮಂಜಾಗಿದ್ದರೂ ಕಿವಿ ಚುರುಕಾಗಿತ್ತು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಕೇಳಿಸಲಿಲ್ಲವೇನೋ ಎಂದು ಆದರೂ ಆಸೆಪಟ್ಟಳು, ಪಾಪ.

ಆಪರೇಷನ್ ಮುಗಿದು ಅವನನ್ನು ಒಂದು ಕಣ್ಣಿಗೆ ಪಟ್ಟಿ ಹಾಕಿ ವಾರ್ಡಿನಲ್ಲಿ ಮಲಗಿಸಿದರು. ಪಕ್ಕದ ಮಂಚದಲ್ಲಿದ್ದ ತನ್ನ ಅಣ್ಣನನ್ನು ನೋಡಿಕೊಳ್ಳಲು ಮುರುಗಮಲ್ಲದ ಕಡೆಯ ಮುನಿಶಾಮಮ್ಮ ಎಂಬಾಕೆ ಬಂದಿದ್ದಳು. ಲಕ್ಷ್ಮಿದೇವಮ್ಮ ಗಂಡನ ಬಾಯಿ ಒರೆಸಿ, ಗಂಜಿ ಕುಡಿಸಿ, ಕಾಲು ಒತ್ತುವುದನ್ನು ನೋಡಿ ಆಕೆ ಕರಗಿಹೋಗಿ ಮುನಿನಾರಾಯಣಪ್ಪನ ಕಡೆ ತಿರುಗಿದಳು.

"ಅಪ್ಪನ್ನ ಹಿಂಗೆ ನೋಡ್ಕೊಳ್ಳೋ ಮಗಳು ಈ ಕಾಲದಾಗೆ ಎಲ್ಲವ್ಳೆ? ನೀಕು ಎಂತ ಮಂಚಿ ಕೂತುರಣ್ಣಾ! ಎಂಥಾ ಒಳ್ಳೇ ಮಗಳು ನಿಂಗೆ!"

ಇದೇ ಗಂಜಿಯನ್ನು ಹೆಂಡತಿಯಾಗಿ ಕುಡಿಸಿದ್ದರೆ, ಅಯ್ಯೋ ಪಾಪ ಎಂಬ ಕಣ್ಣುಗಳು ಅವಳನ್ನು ಅಳೆಯುತ್ತಿದ್ದವು. ಮಗಳಾದ್ದಕ್ಕೆ ಹೊಗಳಿಕೆ. ಅವಳಿಗೆ ನಾಚಿಕೆಯಾಯಿತು, ಆದರೂ ಹೆಗಲಿನಿಂದ ಏನೋ ಇಳಿದಂತೆಯೂ ಆಯಿತು. ಸಾಯಂಕಾಲವಾಗುತ್ತಿದ್ದಂತೆ ಆ ವಾರ್ಡಿನ ಹೆಂಗಸರೆಲ್ಲ ಅವಳ ಸುತ್ತ ಸೇರಿದರು. ಅವಳು ತನ್ನ ಬೀದಿಯ ಜಗಳಗಳನ್ನು ದನಿ ಸಮೇತ ಆಡಿ ತೋರಿಸಿದಳು, ಡಾಕ್ಟರ ನಡಿಗೆಯನ್ನು ಅಣಕಿಸಿದಳು, ನಕ್ಕಳು, ನಗಿಸಿದಳು. ಮುನಿಶಾಮಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, ಕಣ್ಣೊರೆಸಿಕೊಳ್ಳುತ್ತಾ ಕೇಳಿದಳು.

"ನಿನ್ ಗಂಡ ಪುಣ್ಯವಂತ ಬಿಡಮ್ಮ. ಎಲ್ಲವ್ರೆ, ಬರ್ಲಿಲ್ವಾ?"

ಲಕ್ಷ್ಮಿದೇವಮ್ಮ ಗಂಡನ ಹೊದಿಕೆ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದಳು. ಮಂಚದಿಂದ ಮುನಿನಾರಾಯಣಪ್ಪ ಮೆಲ್ಲಗೆ ಹೇಳಿದ.

"ನಮ್ಮಳಿಯಂದ್ರು ಊರಾಗವ್ರಮ್ಮ. ಚಂದ್ರಿಕೆ ವ್ಯಾಪಾರ. ರೈತ್ರು ಹುಳ ಹಣ್ಣಾಗೈತೆ ಅಂತ ಬಂದ್ಬಿಡ್ತಾರೆ, ಬಿಟ್ಟು ಬರಕ್ಕಾಗಲ್ಲ."

"ಒಳ್ಳೇವ್ರಾ?"

"ಒಳ್ಳೇವ್ರೇ. ಇವಳ ವಾರಗೆಯವ್ರು. ಇವಳಿಗಿಂತ ಎರಡೇ ವರ್ಷ ದೊಡ್ಡೋರು. ಜೋಡಿ ನೋಡಕ್ಕೆ ಚೆನ್ನಾಗೈತೆ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು, ತಿರುಗಿ ಬೈದಾದರೂ ಬೈಯುತ್ತಿದ್ದಳು. ಅವಳ ಸುಳ್ಳು ಬಯಲಾಗದಿರಲೆಂದು ಅವನು ತನ್ನ ಜಾಗದಲ್ಲಿ ಬೇರೊಬ್ಬ ಗಂಡಸನ್ನು, ತನಗಿಂತ ಚಿಕ್ಕವನನ್ನು, ನೋಡಲು ಚೆನ್ನಾಗಿರುವವನನ್ನು ಕೂರಿಸಿದ್ದ. ತಾನು ಎಂಥ ಕೆಲಸ ಮಾಡಿದೆ ಎಂದು ಅವಳಿಗೆ ಅಳತೆ ಸಿಕ್ಕಿದ್ದು ಆಗಲೇ. ಮದುವೆಗೆ ಮುಂಚೆ ಇಡೀ ಊರು ಅವನನ್ನು ಹೀಯಾಳಿಸಿತ್ತು. ಅದನ್ನೆಲ್ಲ ಅವನು ಸಹಿಸಿದ್ದು ಇವಳು ಒಬ್ಬಳು ಜೊತೆಗಿದ್ದಾಳೆ ಎಂದು. ಈಗ ಇವಳೂ ಆ ಕಡೆ ಹೋಗಿ ನಿಂತಿದ್ದಳು.

ಬೆಳಗಾದ ಮೇಲೆ ಎಲ್ಲರೆದುರೇ ಸರಿಮಾಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡಳು. ಬೆಳಿಗ್ಗೆ ನರ್ಸ್ ಬಂದು ಪಟ್ಟಿ ಬಿಚ್ಚಿ, ಕಣ್ಣೊರೆಸಿ, ಕೇಳಿದಳು.

"ತಾತ, ಎದುರಿಗಿರೋದು ಯಾರು ಹೇಳಿ?"

ಮುನಿನಾರಾಯಣಪ್ಪ ಹೆಂಡತಿಯ ಮುಖವನ್ನು ತುಂಬ ಹೊತ್ತು ನೋಡಿದ. ಎಷ್ಟೋ ವರ್ಷದ ಮೇಲೆ ಅವಳು ಅವನಿಗೆ ಸ್ಪಷ್ಟವಾಗಿ ಕಂಡಿದ್ದಳು.

"ಮಗಳು," ಎಂದ.

"ಮಗಳಲ್ಲ," ಎಂದಳು ಲಕ್ಷ್ಮಿದೇವಮ್ಮ. ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು. "ನಾನು ಹೆಂಡ್ತಿ. ಇವರು ನಮ್ಮೆಜಮಾನ್ರು. ನೆನ್ನೆ ಸುಳ್ಳು ಹೇಳ್ದೆ."

ನರ್ಸಿನ ಕೈ ನಿಂತಿತು. ಮುನಿಶಾಮಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮುನಿನಾರಾಯಣಪ್ಪ ಜೋರಾಗಿ ನಕ್ಕುಬಿಟ್ಟ.

"ಇವಳು ಚಿಕ್ಕೋಳಿದ್ದಾಗಿಂದ್ಲೂ ಹಿಂಗೇ ಕಣಮ್ಮ. ಎಲ್ಲಿ ತಮಾಷೆ ಮಾಡ್ಬೇಕು, ಎಲ್ಲಿ ಮಾಡ್ಬಾರ್ದು, ಒಂದೂ ಗೊತ್ತಾಗಲ್ಲ."

ನೆನ್ನೆಯೆಲ್ಲ ಅವಳ ತಮಾಷೆ ಕೇಳಿದ್ದ ವಾರ್ಡು ಗೊಳ್ಳೆಂದಿತು. ಮುನಿಶಾಮಮ್ಮ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು, ಇನ್ನೊಂದ್ಸಲ ನಕ್ಕಳು. ಲಕ್ಷ್ಮಿದೇವಮ್ಮ ಎಷ್ಟು ಹೇಳಿದರೂ ಯಾರೂ ನಂಬುವಂತಿರಲಿಲ್ಲ. ಗಂಡನ ಚೀಲ ಎತ್ತಿಕೊಂಡು, ಅವನ ಕೈ ಹಿಡಿದು ಹೊರಗೆ ಬಂದಳು.

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತ ಮೇಲೆ ಕೇಳಿದಳು.

"ಯಾಕಂಗಂದ್ರಿ? ಅಷ್ಟು ಜನದೆದುರಿಗೆ ಒಪ್ಕೊಂಡ್ನಲ್ಲ ನಾನು."

ಅವನು ಕಪ್ಪು ಕನ್ನಡಕ ಸರಿಮಾಡಿಕೊಂಡ. "ನೆನ್ನೆ ಕಣ್ಣು ಕಟ್ಟಿತ್ತಲ್ಲ, ಸುಮ್ನೆ ಕೇಳ್ತಾ ಮಲಗಿದ್ದೆ. ನೀನು ನಗ್ತಿದ್ದೆ. ನನ್ ಜೊತೆ ಹೊರಗಡೆ ಬಂದಾಗ ನೀನು ನಗಲ್ಲ, ಲಕ್ಷ್ಮಿ. ನಿಮ್ಮಪ್ಪ ಆಗಿದ್ದಕ್ಕೆ ಆ ನಗು ಕೇಳ್ದೆ. ಇನ್ನೊಂದು ಗಳಿಗೆ ಅಪ್ಪನಾಗಿದ್ರೆ ನನ್ ಗಂಟೇನು ಹೋಯ್ತು?"

ಹಾಗಲ್ಲ ಎನ್ನಲು ಹೋದಳು. ಹಾಗೇ ಇತ್ತು. ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಎದುರಿಗೆ ಕಡಲೆಕಾಯಿ ಮಾರುತ್ತಿದ್ದ ಹೆಂಗಸೊಬ್ಬಳು ಹತ್ತಿರ ಬಂದು, "ಯಾಕ್ ತಾತ, ಅಳ್ತಾವ್ಳೆ? ಯಾರಿವಳು?" ಎಂದಳು.

"ಏನಿಲ್ಲಮ್ಮ, ಇವಳು ನಮ್ಮ..." ಎಂದು ಶುರುಮಾಡಿದ ಮುನಿನಾರಾಯಣಪ್ಪ ಅಲ್ಲಿಗೇ ನಿಲ್ಲಿಸಿ, ಕನ್ನಡಕ ತೆಗೆದು, ಅವಳ ಮುಖ ನೋಡಿದ. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡಸು, ತಾನು ಇವಳಿಗೆ ಏನಾಗಬೇಕು ಎನ್ನುವುದಕ್ಕೆ ಇವಳ ಅಪ್ಪಣೆಗಾಗಿ ಕಾಯುತ್ತಿದ್ದ.