ಕಂಪಾಸ್ ಪೆಟ್ಟಿಗೆಯಲ್ಲಿ ಕಬ್ಬಿಣ

"ಮೇಷ್ಟ್ರ, ನನಗೊಂದು ಕಂಪಾಸ್ ಬಾಕ್ಸ್ ಬೇಕಾಗೈತ್ರಿ" ಎಂದು ನಾಗಪ್ಪ ಕೇಳಿದಾಗ ನಾನು ನಕ್ಕುಬಿಟ್ಟೆ. ನಲವತ್ತು ದಾಟಿದ ಮನುಷ್ಯ. ನೇವಿಯಲ್ಲಿ ಹದಿನೈದು ವರ್ಷ ದುಡಿದು ಪಿಂಚಣಿ ಹಿಡಿದು ಊರಿಗೆ ಬಂದವನು. ಸ್ಕೇಲು, ಕೋನಮಾಪಕ ಇಟ್ಟುಕೊಳ್ಳುವ ತಗಡಿನ ಡಬ್ಬಿ ಇವನಿಗೆ ಯಾತಕ್ಕೆ?

ಅವನು ಕೇಳಿದ್ದು ಆ ಡಬ್ಬಿಯನ್ನಲ್ಲ. ದಿಕ್ಕು ತೋರಿಸುವ ಕಂಪಾಸನ್ನು ದೋಣಿಯಲ್ಲಿ ಕೂರಿಸಲು ಒಂದು ಪೆಟ್ಟಿಗೆ.

ಆ ನಾಗಪ್ಪ ಈಗಿಲ್ಲ. ನೀರಿನಲ್ಲಿ ಹೋದ. ಎರಡು ವಾರ ಈ ಅಂಕಣ ಬರಲಿಲ್ಲವೇಕೆ ಎಂದು ಕೆಲವರು ಕಾಗದ ಬರೆದು ಕೇಳಿದ್ದೀರಿ. ಇದೇ ಕಾರಣ. (ಹೆಸರುಗಳನ್ನು ಬದಲಿಸಿದ್ದೇನೆ. ನನ್ನದನ್ನು ಬದಲಿಸಿಲ್ಲ.)

ನಾಗಪ್ಪನ ಊರು ಹಗರಿಬೊಮ್ಮನಹಳ್ಳಿಯ ಆಚೆ, ತುಂಗಭದ್ರಾ ಡ್ಯಾಮಿನ ಹಿನ್ನೀರಿನ ದಂಡೆಯಲ್ಲಿದೆ. ಡ್ಯಾಮು ಕಟ್ಟಿದಾಗ ಹಳೇ ಊರು ಮುಳುಗಿತು, ಜನ ಮೇಲಕ್ಕೆ ಬಂದು ಮನೆ ಕಟ್ಟಿಕೊಂಡರು. ಹಳೇ ಊರಿನ ಅಗಸಿ ಬಾಗಿಲು, ಕೋಟೆಗೋಡೆ ಎಲ್ಲ ಇನ್ನೂ ನೀರಿನೊಳಗೇ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವು ಮೇಲ್ಮೈಯಿಂದ ಮೊಣಕಾಲುದ್ದ ಕೆಳಗಷ್ಟೇ ಇರುತ್ತವೆ, ಕಾಣುವುದಿಲ್ಲ.

ಊರಿನವರು ಆಚೆ ದಂಡೆಗೆ ಹೋಗುವುದು ಹರಿಗೋಲಿನಲ್ಲಿ. ನಾಗಪ್ಪ ಮಾತ್ರ ಕಾರವಾರದ ಕಡೆಯ ಗುಜರಿಯಿಂದ ಹಳೇ ಹಾಯಿದೋಣಿಯೊಂದನ್ನು ಲಾರಿಯಲ್ಲಿ ಹೇರಿಕೊಂಡು ಬಂದ. ಹಾಯಿ ಬಿಚ್ಚಿದರೆ ಡೀಸೆಲ್ ಬೇಡ, ಗಾಳಿ ಪುಕ್ಕಟೆ. ಅದಕ್ಕೆ ಬಸ್ಸಿಗಿದ್ದಂತೆ ಸ್ಟೀರಿಂಗ್ ಚಕ್ರ, ಚಕ್ರ ಹೊತ್ತ ಒಂದು ಗಿಡ್ಡ ಕಂಬ. ದೋಣಿ ಹೊಯ್ದಾಡಿದಾಗ ಯಾರೂ ಚಕ್ರದ ಮೇಲೆ ಬೀಳದಂತೆ ಕಂಬದ ಮುಂದೆ ಬಾಗಿಸಿ ನಿಲ್ಲಿಸಿದ ಸ್ಟೇನ್‌ಲೆಸ್ ಪೈಪಿನ ಗಾರ್ಡು. ಪೆಟ್ಟಿಗೆ ಕೂಡಬೇಕಾದದ್ದು ಆ ಪೈಪಿಗೆ (ಆ ಬಗೆಯ ಸ್ಟೀಲು ಕಂಪಾಸಿನ ಮುಳ್ಳನ್ನು ಎಳೆಯುವುದಿಲ್ಲ).

"ಪೈಪಿಗೆ ತೂತು ಹಾಕಬ್ಯಾಡ್ರಿ, ಬಲ ಹೋಗ್ತೈತಿ. ಮತ್ತ ಕಬ್ಬಿಣದ್ದು ಒಂದು ಮೊಳೀನೂ ಬ್ಯಾಡ. ನಿಮಗ ನಾ ಹೇಳಬೇಕೇನ್ರಿ?" ಎಂದ.

ಹೇಳಬೇಕಿರಲಿಲ್ಲ. ಕೊಟ್ಟೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಕಂಪಾಸಿನ ಪಕ್ಕ ಕಬ್ಬಿಣ ಹಿಡಿದರೆ ಮುಳ್ಳು ತಿರುಗುತ್ತದೆ ಎಂಬುದನ್ನು ವರ್ಷಾ ವರ್ಷಾ ಮೂರು ಸೆಕ್ಷನ್ನಿಗೆ ಮಾಡಿ ತೋರಿಸುತ್ತೇನೆ. ಮರಗೆಲಸ ನನ್ನ ಹುಚ್ಚು. ಸಾಗುವಾನಿ ಹಲಗೆಯಲ್ಲಿ ಪೆಟ್ಟಿಗೆ ಮಾಡಿದೆ. ಹಿತ್ತಾಳೆ ಸ್ಕ್ರೂ ಹುಡುಕಿಕೊಂಡು ಹರಪನಹಳ್ಳಿಯವರೆಗೂ ಹೋಗಿ ಬಂದೆ.

ಏಪ್ರಿಲ್ ತಿಂಗಳ ಒಂದು ಭಾನುವಾರ ಕೂಡಿಸಿದೆವು. ಹಿತ್ತಾಳೆ ಪಟ್ಟಿಯನ್ನು ಬಾಗಿಸಿ ಪೈಪಿಗೆ ತಬ್ಬಿಸಿದರೆ ಜಾರುತ್ತಿತ್ತು. ಸೈಕಲ್ ಟ್ಯೂಬು ಕತ್ತರಿಸಿ ಒಳಗೆ ಸುತ್ತಿದ ಮೇಲೆ ಗಟ್ಟಿಯಾಗಿ ಕೂತಿತು. ನಾಗಪ್ಪ ಆಚೆ ದಂಡೆಯ ಗುಡಿಗೆ ನೇರ ಹಿಡಿದು ಮುಳ್ಳನ್ನು ತಾಳೆ ನೋಡಿದ. "ಬರೋಬ್ಬರಿ ಐತ್ರಿ!" ಎಂದು ನನ್ನ ಬೆನ್ನಿಗೆ ಗುದ್ದಿದ. ಅಷ್ಟು ಸಂತೋಷದ ಗುದ್ದು ಈಚೆಗೆ ನನಗೆ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ಪೂಜೆ. ನಾಗಪ್ಪ ತೆಂಗಿನಕಾಯಿ ತರಲು ಮನೆಗೆ ಹೋದ. ಅವನ ತಾಯಿ ಹನುಮವ್ವ ದೋಣಿ ಹತ್ತಿದಳು. ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಪೆಟ್ಟಿಗೆಯ ಹಿಂದಿನ ಮುಚ್ಚಳ ಇನ್ನೂ ತೆರೆದಿತ್ತು. ಸೊಂಟದಿಂದ ಅರಿಶಿನದ ಬಟ್ಟೆಯ ಸಣ್ಣ ಗಂಟು ತೆಗೆದು ಕಂಪಾಸಿನ ಹಿಂದೆ ತುರುಕಿದಳು.

"ಏನವ್ವ ಅದು?" ಎಂದೆ.

"ಕುಡುಗೋಲಿನ ತುಂಡ್ರಿ. ಇವನ್ನ ಹಡದಾಗ ನನ್ನ ಹಾಸಿಗಿ ಕೆಳಗ ಇದ್ದದ್ದು. ನೀರಿನ ಮ್ಯಾಲೆ ಹೋಗಾವನು, ಕಬ್ಬಿಣ ಜೊತಿಗಿರ್ಲಿ. ಅವಗ ಹೇಳಬ್ಯಾಡ್ರಿ ಮತ್ತ. ನೇವಿಯಾಗ ಇದ್ದು ಬಂದಾನ, ನಗ್ತಾನ."

ನಾನು ಏನು ಮಾಡಿದೆ ಗೊತ್ತೇ? ನಕ್ಕು ತಲೆಯಾಡಿಸಿದೆ. ಮುಚ್ಚಳಕ್ಕೆ ನಾಲ್ಕು ಸ್ಕ್ರೂಗಳನ್ನೂ ನಾನೇ ಬಿಗಿದೆ.

ನಮ್ಮ ಕಡೆ ಕೆಟ್ಟ ದೃಷ್ಟಿ ತಾಗದಿರಲೆಂದು ಬಾಣಂತಿಯ ತಲೆದೆಸೆಯಲ್ಲಿ ಕಬ್ಬಿಣ ಇಡುತ್ತಾರೆ. ಹೊಲಕ್ಕೆ ಬುತ್ತಿ ಒಯ್ಯುವಾಗ ಕಬ್ಬಿಣದ ಚೂರು ಇಡುವವರಿದ್ದಾರೆ. ನನ್ನ ಮಗಳ ತೊಟ್ಟಿಲಿನಲ್ಲೂ ಅಡಕೊತ್ತು ಇತ್ತು (ಇಟ್ಟವಳು ನನ್ನ ಹೆಂಡತಿ, ನೋಡಿಯೂ ನೋಡದಂತಿದ್ದವನು ನಾನು). ಅಡಕೊತ್ತಿನಿಂದ ಮಗುವಿಗೆ ಏನೂ ಆಗುವುದಿಲ್ಲ. ಆದರೆ ಕಂಪಾಸಿಗೆ ಆಗುತ್ತದೆ. ಅದು ನನಗೆ ಗೊತ್ತಿತ್ತು.

ಹಾಗಾದರೆ ಬಾಯಿ ಯಾಕೆ ಬಿಡಲಿಲ್ಲ? ಮುದುಕಿಯ ಮನಸ್ಸು ನೋಯಿಸಬಾರದು ಅಂತ. ಆಮೇಲೆ ನಾಗಪ್ಪನಿಗೆ ಗುಟ್ಟಾಗಿ ಹೇಳಿದರಾಯಿತು ಅಂತ. ಅವನು ಕಾಯಿ ತಂದ, ಒಡೆದ, ಮಂಡಕ್ಕಿ ಮಿರ್ಚಿ ಬಂತು, ಹತ್ತು ಜನ ಸೇರಿದರು. ಕೊಟ್ಟೂರಿನ ಕಡೇ ಬಸ್ಸಿಗೆ ಹೊತ್ತಾಯಿತೆಂದು ನಾನು ಓಡಿದೆ. ಮರುದಿನದಿಂದ ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ ಮುಳುಗಿದೆ. ಒಂದು ಕಾರ್ಡು ಬರೆದು ಹಾಕಬಹುದಿತ್ತು. ಹಾಕಲಿಲ್ಲ.

ನಾಲ್ಕು ದಿನ ಬಿಸಿಲಿತ್ತು. ದಂಡೆ ಕಣ್ಣಿಗೇ ಕಾಣುವಾಗ ಕಂಪಾಸು ಯಾರು ನೋಡುತ್ತಾರೆ? ಐದನೆಯ ದಿನ ಮಧ್ಯಾಹ್ನ ನಾಗಪ್ಪ ಆಚೆಯಿಂದ ಇಬ್ಬರನ್ನು ಕೂರಿಸಿಕೊಂಡು ಬರುವಾಗ ಧೂಳುಗಾಳಿ ಎದ್ದಿತು, ಬೆನ್ನಿಗೇ ಮಳೆ. ಎರಡೂ ದಂಡೆ ಅಳಿಸಿಹೋದವು. ಆ ಇಬ್ಬರು ಕೂಗಿಕೊಂಡರಂತೆ. ನಾಗಪ್ಪ ಪೆಟ್ಟಿಗೆಯನ್ನು ತಟ್ಟಿ, "ಅಂಜಬ್ಯಾಡ್ರಲೇ, ಕಂಪಾಸು ಐತಿ" ಎಂದನಂತೆ.

ಕಂಪಾಸು ತೋರಿಸಿದ ಕಡೆಗೇ ಹೊರಳಿಸಿದ. ದೋಣಿ ಹಳೇ ಕೋಟೆಗೋಡೆಗೆ ಬಡಿದು ಮಗುಚಿತು. ಇಬ್ಬರನ್ನು ಮೀನು ಹಿಡಿಯುವವರ ಹರಿಗೋಲು ಎತ್ತಿಕೊಂಡಿತು. ಸಮುದ್ರ ಈಜಿದ್ದ ನಾಗಪ್ಪನ ತಲೆ ಕಲ್ಲಿಗೆ ತಾಗಿತ್ತು.

ಮಣ್ಣಿಗೆ ಹೋದೆ. ಅಲ್ಲೂ ಏನೂ ಹೇಳಲಿಲ್ಲ. ಹೇಳಿ ಏನಾಗಬೇಕು, ಹೋದವನು ಬರುತ್ತಾನೆಯೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಗನನ್ನು ಕಾಯಲು ಇಟ್ಟದ್ದೇ ಮಗನನ್ನು ತೆಗೆಯಿತು ಎಂದು ಹೆತ್ತವಳಿಗೆ ಹೇಳುವ ಬಾಯಿ ಯಾವುದು?

ಕಳೆದ ಭಾನುವಾರ ನಾಗಪ್ಪನ ತಮ್ಮ ಮಾರೆಪ್ಪ ಕರೆಸಿದ. ದೋಣಿಯ ಒಡಕು ಮುಚ್ಚಿ ಗಟ್ಟಿ ಮಾಡಿದ್ದಾನೆ. ಈ ವಾರವೇ ನೀರಿಗೆ ಇಳಿಸುತ್ತಾನೆ, ಇನ್ನು ಮುಂದೆ ನಡೆಸುವವನು ಅವನೇ. ಬೇರೆ ದುಡಿಮೆ ಏನಿದೆ? ಗಾರ್ಡಿನ ಮೇಲೆ ಪೆಟ್ಟಿಗೆ ವಾಲಿತ್ತು, ಅದನ್ನು ಸರಿಮಾಡಿ ಕೊಡಬೇಕು.

ಮುಚ್ಚಳ ಬಿಚ್ಚಿದೆ. ಬಟ್ಟೆಯ ಗಂಟು ಅಲ್ಲಿಯೇ ಇತ್ತು, ಅರಿಶಿನ ತೊಳೆದುಹೋಗಿತ್ತು. ಹೊರಗೆ ತೆಗೆದೆ. ಮುಳ್ಳು ಗಡಿಯಾರದ ಐದು ನಿಮಿಷದಷ್ಟು ದೂರ ತಿರುಗಿ ನಿಂತಿತು. ಆ ಐದು ನಿಮಿಷದ ಅಂತರದಲ್ಲೇ ಕೋಟೆಗೋಡೆ ಇತ್ತು.

ಹನುಮವ್ವ ಬಂದಳು. ಸೆರಗಿನಲ್ಲಿ ಏನೋ ಭಾರವಾದದ್ದಿತ್ತು. ಬಿಚ್ಚಿ ನನ್ನ ಅಂಗೈಯಲ್ಲಿ ಇಟ್ಟಳು. ನೇಗಿಲಿನ ಕುಳದ ತುಂಡು, ಗೇಣುದ್ದದ್ದು.

"ಅವತ್ತಿಂದು ಸಣ್ಣದಾತ್ರಿ ಮೇಷ್ಟ್ರ. ಅದಕ್ಕ ಕೈ ಬಿಡ್ತು. ಈ ಸಲ ದೊಡ್ಡದು ತಂದೀನಿ, ನೀವ ನಿಮ್ಮ ಕೈಯಾರ ಇಡ್ರಿ."

ಮಾರೆಪ್ಪ ಪಕ್ಕದಲ್ಲಿ ಹಗ್ಗ ಹೊಸೆಯುತ್ತಿದ್ದ. ನಾನು ಅವನ ಮುಖ ನೋಡಿದೆ, ಕುಳ ನೋಡಿದೆ. ಇನ್ನು ಬಾಯಿ ಮುಚ್ಚಿಕೊಂಡಿರಲು ನನ್ನಿಂದ ಆಗಲಿಲ್ಲ.

ಕುಳವನ್ನು ಕಂಪಾಸಿನ ಹತ್ತಿರ ತಂದೆ, ದೂರ ಒಯ್ದೆ, ಮತ್ತೆ ತಂದೆ. ಮುಳ್ಳು ಅದರ ಹಿಂದೆ ತಿರುಗಿತು. ಎಂಟನೇ ಕ್ಲಾಸಿನ ಪಾಠ. ಹನುಮವ್ವ ಒಂದೇ ಸಲಕ್ಕೆ ತಿಳಿದುಕೊಂಡಳು. ನನ್ನ ಶಾಲೆಯಲ್ಲಿ ಯಾರೂ ಇಷ್ಟು ಬೇಗ ತಿಳಿದುಕೊಂಡಿಲ್ಲ.

ಎದೆ ಬಡಿದುಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಬಡಿದುಕೊಳ್ಳಲಿಲ್ಲ. ಈ ಮುದುಕಿಗೆ ತಿಳಿಯಲಿಕ್ಕಿಲ್ಲ ಎಂದು ಅವತ್ತು ನಾನೇ ತೀರ್ಮಾನ ಮಾಡಿದ್ದೆನಲ್ಲ, ಅದಕ್ಕೆ ಮರ್ಯಾದೆ ಅಂತ ಹೆಸರು ಕೊಟ್ಟಿದ್ದೆ. ಓದಿದ ನಾವೆಲ್ಲ ಹೀಗೇ ಅಲ್ಲವೇ? ನಗುತ್ತೇವೆ, ತಲೆಯಾಡಿಸುತ್ತೇವೆ, ಬಸ್ಸು ಹಿಡಿಯುತ್ತೇವೆ.

ಹನುಮವ್ವ ಕುಳವನ್ನು ನನ್ನ ಕೈಯಿಂದ ತೆಗೆದು ಮತ್ತೆ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದಳು:

"ಅವತ್ತ ಯಾಕ ಹೇಳ್ಲಿಲ್ರಿ ಮೇಷ್ಟ್ರ?"