ಮೂರನೇ ಸಾಲಿನ ಸೊಸೆ

ನಮ್ಮ ಮನೆಯಲ್ಲಿ ಸೊಸೆಯಾದವಳು ಮಾವನ ಪಕ್ಕ ಕೂರುವುದಿಲ್ಲ, ಮಾವನ ಮುಂದೆಯೂ ಕೂರುವುದಿಲ್ಲ. ಮನೆ ಮುಂದಿನ ಕಟ್ಟೆಗೆಂದು ಮಾಡಿದ ಈ ಪದ್ಧತಿ, ಗಾಡಿ ಬಂದ ಮೇಲೆ ಗಾಡಿಯನ್ನೂ ಹತ್ತಿತು. ಮುಂದಿನ ಸೀಟಿನ ಬೆಲ್ಟು ಬಿಗಿಯುತ್ತದೆಂದು ಮಾವ ನಡುವಿನ ಸಾಲಿನಲ್ಲಿ ಅತ್ತೆಯ ಜೊತೆ ಕೂರುತ್ತಿದ್ದರು. ಹೀಗಾಗಿ ದೇಶನೂರಿನಿಂದ ಬಳ್ಳಾರಿಯ ನನ್ನ ತವರಿಗೆ ಹೋಗುವಾಗ ಗಾಡಿ ಓಡಿಸುವ ನಮ್ಮ ಮನೆಯವರ ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲ ಆರಾಮಾಗಿ ಕೂತಿರುತ್ತಿತ್ತು, ನಾನು ಹಿಂದೆ ಮೂರನೇ ಸಾಲಿನಲ್ಲಿ ಮುದುಡಿಕೊಂಡಿರುತ್ತಿದ್ದೆ. ಹನ್ನೊಂದು ವರ್ಷ ಹೀಗೇ. ಅರ್ಧ ದಾರಿಗೆ ಹೊಟ್ಟೆ ತೊಳಸುತ್ತಿತ್ತು. ಹೇಳಿದರೆ ಅತ್ತೆ ನಿಂಬೆಹಣ್ಣು ಕೊಡುತ್ತಿದ್ದರು.

ಈ ವರ್ಷ ಹೊಸ ಗಾಡಿಯ ಮಾತು ಬಂತು, ಎಲ್ಲರೂ ಬಳ್ಳಾರಿಯ ಶೋರೂಮಿಗೆ ಹೋದೆವು. ಮಾವನಿಗೆ ಕಡಿಮೆ ಬೆಲೆಯ ದೊಡ್ಡ ಗಾಡಿ ಬೇಕಿತ್ತು: ಎತ್ತರ, ಉದ್ದ, ಡೀಸೆಲ್, ಗದ್ದೆಯ ದಾರಿಗೂ ಸೈ. ಎಮ್ಮೆ ಕೊಳ್ಳುವವರ ಹಾಗೆ ಅದರ ಬಾನೆಟ್ ತಟ್ಟಿ, “ಗಾಡಿ ಅಂದ್ರ ಹಿಂಗ ಇರಬೇಕು” ಎಂದರು. ನಮ್ಮ ಮನೆಯವರ ಕಣ್ಣು ದುಬಾರಿಯದರ ಮೇಲೆ. ಅದರ ಸೀಟು ತಂಪು ಗಾಳಿ ಊದುತ್ತಿತ್ತು, ಚಾವಣಿಯಲ್ಲಿ ಗಾಜಿನ ಕಿಟಕಿ ಇತ್ತು. ನಮ್ಮ ಬಳ್ಳಾರಿ ಬಿಸಿಲಿಗೆ ಚಾವಣಿ ತೆರೆಯುವವರು ಯಾರು ಎಂದು ನಾನು ಕೇಳಲಿಲ್ಲ. ಮದುವೆಯ ದಿನವೂ ಅವರ ಮುಖದಲ್ಲಿ ಅಷ್ಟು ಕಳೆ ಇರಲಿಲ್ಲ.

ನಾನು ಎರಡರಲ್ಲೂ ಸೀದಾ ಹಿಂದಕ್ಕೆ ಹೋಗಿ ಕೂತು ನೋಡಿದೆ. ಅಗ್ಗದ್ದರಲ್ಲಿ ಮೊಣಕಾಲು ಗದ್ದಕ್ಕೆ ಬಂತು. ದುಬಾರಿಯದರಲ್ಲೂ ಗದ್ದಕ್ಕೇ ಬಂತು, ಕೆಳಗೆ ಮಾತ್ರ ಮೆತ್ತಗಿತ್ತು. ಲಕ್ಷಗಟ್ಟಲೆ ವ್ಯತ್ಯಾಸವೆಲ್ಲ ಮೂರನೇ ಸಾಲಿಗೆ ಬರುವಷ್ಟರಲ್ಲಿ ಮುಗಿದುಹೋಗಿತ್ತು. ಯಾವುದನ್ನು ಕೊಂಡರೂ ನನಗೆ ಇನ್ನು ಹತ್ತು ವರ್ಷ ಇದೇ ಗತಿ ಎಂದು ಸಿಟ್ಟು ಬಂತು.

ದುಬಾರಿಯದನ್ನು ಕುರುಗೋಡಿನವರೆಗೆ ಓಡಿಸಿ ನೋಡಲು ಹೊರಟೆವು. ನಮ್ಮ ಮನೆಯವರು ಓಡಿಸಿದರು, ಶೋರೂಮಿನವನು ಅವರ ಪಕ್ಕ ಕೂತಿದ್ದ. ಕುರುಗೋಡಿನಲ್ಲಿ ಚಹಾ ಕುಡಿದ ಮೇಲೆ ಅವನು, “ಮೇಡಂ, ಬರೋವಾಗ ನೀವು ಓಡಿಸ್ರಿ” ಎಂದ. ತವರಿಗೆ ಹೋದಾಗಲೆಲ್ಲ ಅಣ್ಣನ ಕಾರು ಓಡಿಸುವವಳು ನಾನು, ಬೇಡ ಎನ್ನಲಿಲ್ಲ. ಮಾವ ಬಾಗಿಲ ಹತ್ತಿರ ನಿಂತೇಬಿಟ್ಟರು. ಸೊಸೆ ಸ್ಟೇರಿಂಗ್ ಹಿಡಿದರೆ ಮಾವ ಎಲ್ಲಿ ಕೂರಬೇಕೆಂದು ಪದ್ಧತಿಯಲ್ಲಿ ಇರಲಿಲ್ಲ. ಕೊನೆಗೆ, ಎಷ್ಟು ದೂರವೋ ಅಷ್ಟು ಮರ್ಯಾದೆ ಎಂದುಕೊಂಡರೋ ಏನೋ, ಧೋತರ ಎತ್ತಿ ಹಿಡಿದು, ನಡುವಿನ ಸೀಟು ಮಡಚಿಸಿ, ತಾವೇ ಮೂರನೇ ಸಾಲಿಗೆ ತೂರಿಕೊಂಡರು.

ನಾನು ಬೇಕಂತಲೇ ಜೋರಾಗಿ ಓಡಿಸಲಿಲ್ಲ, ದೇವರಾಣೆ. ರಸ್ತೆಯ ಹಂಪುಗಳು ಇದ್ದಲ್ಲೇ ಇದ್ದವು. ಮೊದಲನೆಯದಕ್ಕೆ ಮಾವನ ತಲೆ ಚಾವಣಿಗೆ ತಾಗಿತು. ಎರಡನೆಯದಕ್ಕೆ “ನಿಧಾನ ಯವ್ವಾ” ಎಂದರು. ಮೂರನೆಯದಾದ ಮೇಲೆ ಕನ್ನಡಿಯಲ್ಲಿ ನೋಡಿದರೆ ಟವೆಲನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಅತ್ತೆ ಚೀಲದಲ್ಲಿ ನಿಂಬೆಹಣ್ಣು ಹುಡುಕುತ್ತಿದ್ದರು. ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಬಳ್ಳಾರಿಗೆ ಬಂದು ಇಳಿದಾಗ ನಮ್ಮ ಮನೆಯವರು, “ಅಪ್ಪಾ, ಯಾವುದು ಚಲೋ ಐತಿ?” ಎಂದು ಕೇಳಿದರು. ಮಾವ ನನ್ನ ಕಡೆ ತಿರುಗಿದರು.

“ಯವ್ವಾ, ಇಷ್ಟು ವರ್ಷ ಇಂಥದ್ರಾಗ ಕುಂತು ಬಂದಿಯೇನು? ಒಮ್ಮಿಯಾರ ಹೇಳಬಾರದಾ?”

“ಹೇಳೀನ್ರಿ ಮಾವಾ. ಹಿಂದ ಕುಂತೋರ ಮಾತು ಮುಂದ ಕೇಳಂಗಿಲ್ರಿ.”

ಮಾವ ತಲೆ ಸವರಿಕೊಂಡರು. ಆಮೇಲೆ ಮಗನಿಗೆ ಹೇಳಿದರು: “ಲೇ, ಯಾವುದಾರ ತಗೋ. ಇನ್ನ ಮ್ಯಾಲೆ ಓಡಸಾಕಿ ನಿನ್ನ ಹೆಂಡ್ತಿ. ಹಿಂದ ನೀ ಕುಂದ್ರು.”

ನಮ್ಮ ಮನೆಯವರು ಆಗ ಮೊದಲ ಸಲ ಬಗ್ಗಿ, ಮೂರನೇ ಸಾಲಿನೊಳಗೆ ಇಣುಕಿ ನೋಡಿದರು.